ಒಚಾನೊಮಿಜು ಇಳಿಜಾರಿನಲ್ಲಿ ಬೇಸ್ ಪೆಡಲ್‌ಗಳ ಹುಡುಕಾಟ

ಟೋಕಿಯೊದ ಒಚಾನೊಮಿಜು ರೈಲು ನಿಲ್ದಾಣ ಕಾಂಡಾ ನದಿಯ ದಡಕ್ಕೆ ಅಂಟಿಕೊಂಡಿದೆ. ಇಲ್ಲಿ ನದಿಯದು ತಾನಾಗಿ ಹುಟ್ಟಿದ ಪಾತ್ರವಲ್ಲ. 17ನೇ ಶತಮಾನದಲ್ಲಿ ಗುಡ್ಡ ಸೀಳಿ ತೋಡಿದ ಕಾಲುವೆ. ಅದಕ್ಕೇ ದಂಡೆಗಳು ಕಡಿದಾಗಿವೆ, ನೀರು ತುಂಬ ಕೆಳಗಿದೆ. ಸೇತುವೆಯ ಕಡೆಯ ದ್ವಾರದಿಂದ ಹೊರಬಿದ್ದು, ನದಿಗೆ ಬೆನ್ನು ಹಾಕಿ ನಿಂತರೆ ಎದುರಿಗೆ ಮೇಯ್‌ದಾಯ್ ರಸ್ತೆ ದಕ್ಷಿಣಕ್ಕೆ ಇಳಿಯುತ್ತದೆ. ಬಲಗಡೆ ಮೇಜಿ ವಿಶ್ವವಿದ್ಯಾಲಯದ ಎತ್ತರದ ಕಟ್ಟಡ. ಇಳಿಜಾರಿನ ಎರಡೂ ಬದಿಗೆ ವಾದ್ಯದ ಅಂಗಡಿಗಳು: ಶಿಮೊಕುರ, ಇಶಿಬಾಶಿ, ಕುರೊಸಾವಾ, ಇಎಸ್‌ಪಿಯವರ ಬಿಗ್ ಬಾಸ್. ಒಂದೇ ಹೆಸರಿನವರಿಗೆ ನಾಲ್ಕಾರು ಹೆಜ್ಜೆ ಅಂತರದಲ್ಲಿ ಇನ್ನೊಂದು ಮಳಿಗೆ ಇದ್ದರೂ ಆಶ್ಚರ್ಯವಿಲ್ಲ. ಪಿಟೀಲಿಗೆ ಬೇರೆ, ಸ್ಯಾಕ್ಸಫೋನಿಗೆ ಬೇರೆ. ಆದರೆ ರಸ್ತೆಗೆ ಮುಖ ಮಾಡಿ ತೂಗುಹಾಕಿರುವುದು ಹೆಚ್ಚಾಗಿ ಗಿಟಾರ್.

ನನ್ನ ಅಕ್ಕನ ಮಗಳು ಟೋಕಿಯೊದಲ್ಲಿ ಕೆಲಸಕ್ಕಿದ್ದಾಳೆ. ಭಾರತದವರು ಹೆಚ್ಚಾಗಿ ನೆಲೆಸಿರುವ ನಿಶಿ-ಕಸಾಯ್‌ನಲ್ಲಿ ಮನೆ. ಸಹೋದ್ಯೋಗಿಗಳು ಕಟ್ಟಿಕೊಂಡ ಬ್ಯಾಂಡಿನಲ್ಲಿ ಬೇಸ್ ನುಡಿಸುವವರು ಯಾರೂ ಇರಲಿಲ್ಲವೆಂದು ಇವಳೇ ಒಂದು ಬೇಸ್ ಗಿಟಾರ್ ಕೊಂಡಳು. ಕಲಿಯಲು ಶುರುಮಾಡಿ ವರ್ಷವೂ ಆಗಿಲ್ಲ. ಬೆಂಗಳೂರಿನಲ್ಲಿ ಬ್ಯಾಂಡುಗಳಿಗೆ ಬೇಸ್ ನುಡಿಸಿಕೊಂಡು ಬಂದ ನಾನು ಟೋಕಿಯೊಗೆ ಬರುತ್ತೇನೆಂದಾಗ ಅವಳು ಕೇಳಿದ್ದು ಒಂದೇ: "ಮಾಮ, ಒಂದು ದಿನ ನನ್ನ ಜೊತೆ ಒಚಾನೊಮಿಜುಗೆ ಬನ್ನಿ. ಪೆಡಲ್ ತಗೋಬೇಕು, ಏನೂ ಗೊತ್ತಾಗ್ತಿಲ್ಲ." ನಾನು ಹಾಕಿದ ಷರತ್ತೂ ಒಂದೇ: ಬೇಸನ್ನು ಬೆನ್ನಿಗೆ ಹಾಕಿಕೊಂಡು ಬರಬೇಕು. ಅಂಗಡಿಯ ಎರಡು ಲಕ್ಷ ಯೆನ್‌ನ ಬೇಸಿನಲ್ಲಿ ಚೆನ್ನಾಗಿ ಕೇಳಿಸಿದ ಪೆಡಲ್ ಮನೆಯಲ್ಲಿರುವ ಬೇಸಿನಲ್ಲೂ ಹಾಗೇ ನುಡಿಯುತ್ತದೆಂಬ ಭರವಸೆ ಇಲ್ಲ.

ಮೊದಲು ಹೊಕ್ಕ ಅಂಗಡಿ ಕಿರಿದಾದ, ಎತ್ತರದ ಕಟ್ಟಡ. ನೆಲಮಹಡಿಯಲ್ಲಿ ಗಾಜಿನ ಕಪಾಟುಗಳ ತುಂಬ ಪೆಡಲ್‌ಗಳು, ಕಾಲಲ್ಲಿ ಒತ್ತಿ ವಾದ್ಯದ ಸದ್ದು ಬದಲಿಸುವ ಪುಟ್ಟ ಡಬ್ಬಗಳು. ಹಳದಿ, ಹಸಿರು, ನೀಲಿ, ಒಂದರ ಮೇಲೊಂದು ಸಾಲು. ಅವಳು ನೇರವಾಗಿ ಹಸಿರು ಬಣ್ಣದ ಟ್ಯೂಬ್ ಸ್ಕ್ರೀಮರ್ ಮುಂದೆ ಹೋಗಿ ನಿಂತಳು. ಅವಳ ಬ್ಯಾಂಡಿನ ಗಿಟಾರಿಸ್ಟ್ ಬಳಿ ಅದೇ ಇದೆಯಂತೆ. ಐಬನೆಜ್ ಹೆಸರಿನಲ್ಲಿ 1970ರ ದಶಕದ ಕೊನೆಯಲ್ಲಿ ಬಂದ ಈ ಜಪಾನಿ ಪೆಡಲ್ ಜಗತ್ತಿನ ಅತಿ ಪ್ರಸಿದ್ಧ ಓವರ್‌ಡ್ರೈವ್‌ಗಳಲ್ಲಿ (ಸದ್ದನ್ನು ತುಸು ಒಡೆಸುವ ಪೆಡಲ್‌ಗಳಲ್ಲಿ) ಒಂದು. ಗಿಟಾರಿಗೆ ಅಷ್ಟು ಒಗ್ಗಲು ಒಂದು ಕಾರಣವಿದೆ: ಸುಮಾರು 720 ಹರ್ಟ್ಜ್‌ಗಿಂತ ಕೆಳಗಿನ ನಾದಕ್ಕೆ ಅದು ಅಷ್ಟಾಗಿ ಬಲ ಕೊಡುವುದಿಲ್ಲ. ಕೆಳಗಿನದು ತೆಳ್ಳಗಾಗಿ ನಡುವಿನದು ಉಬ್ಬುತ್ತದೆ, ಗಿಟಾರ್ ಬ್ಯಾಂಡಿನ ಸದ್ದಿನ ನಡುವೆ ಎದ್ದು ಕೇಳುತ್ತದೆ.

ಈಗ ಬೇಸಿನ ಲೆಕ್ಕ ನೋಡಿ. ನಾಲ್ಕು ತಂತಿಯ ಬೇಸಿನ ದಪ್ಪ ತಂತಿ, ಇ, ಖಾಲಿ ಮೀಟಿದಾಗ 41.2 ಹರ್ಟ್ಜ್. ಎ 55, ಡಿ 73.4, ಜಿ 98. ಗಿಟಾರಿನ ಅತಿ ಕೆಳಗಿನ ತಂತಿಯೇ 82.4 ಹರ್ಟ್ಜ್, ನಮ್ಮ ಇ ತಂತಿಗಿಂತ ಸರಿಯಾಗಿ ಒಂದು ಸ್ಥಾಯಿ ಮೇಲೆ. ಅಂದರೆ ಬೇಸಿಗೆ ಜಾಗ ಬಿಟ್ಟುಕೊಡಲೆಂದು ಗಿಟಾರ್ ಪೆಡಲ್ ಸವರಿಹಾಕುವ ಆ ಭಾಗದಲ್ಲೇ ನಮ್ಮ ಬದುಕಿದೆ. 1951ರಲ್ಲಿ ಲಿಯೊ ಫೆಂಡರ್ ಪ್ರಿಸಿಷನ್ ಬೇಸ್ ಹೊರತಂದಂದಿನಿಂದ ಈ ವಾದ್ಯದ ಮೊದಲ ಕೆಲಸ ಬದಲಾಗಿಲ್ಲ: ಡ್ರಮ್ಮಿನ ಜೊತೆ ನಿಂತು ಹಾಡಿಗೆ ನೆಲ ಹಾಸುವುದು. ಇಳಯರಾಜಾ ಸಂಗೀತ ನೀಡಿದ 'ಗೀತಾ' (1981), 'ಪಲ್ಲವಿ ಅನುಪಲ್ಲವಿ' (1983) ಚಿತ್ರಗಳ ಹಾಡುಗಳನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದ ಕನ್ನಡಿಗರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ದಿನವಿಡೀ ನಾವು ಮಾಡಿದ ಪರೀಕ್ಷೆ ಒಂದೇ ಬಗೆಯದು. ಪೆಡಲ್ ಆಫ್ ಮಾಡಿ ಖಾಲಿ ಇ ತಂತಿ ಮೀಟುವುದು. ಹಾಕಿ ಅದನ್ನೇ ಮೀಟುವುದು. ಕಾಲಡಿಯ ನೆಲದಲ್ಲಿ ಮೊದಲಿದ್ದ ಗುಂಯ್ ಎಂಬ ತೂಕ ಉಳಿಯಿತೋ ಇಲ್ಲವೋ ಎಂದು ಕೇಳುವುದು. ಉಳಿಯದಿದ್ದರೆ ಉಳಿದ ಗುಣ ಎಷ್ಟೇ ಇರಲಿ, ಕಪಾಟಿಗೆ ವಾಪಸ್.

ಇಂಥ ಪರೀಕ್ಷೆಗೆ ಇಲ್ಲಿನ ಅಂಗಡಿಯವರು ಬೇಸರಿಸುವುದಿಲ್ಲ, ಅದೇ ಈ ಬೀದಿಯ ದೊಡ್ಡ ಸೌಕರ್ಯ. ಕಪಾಟಿಗೆ ನಾವು ಕೈ ಹಾಕುವ ಹಾಗಿಲ್ಲ. ನುಡಿಸಿ ನೋಡಬಹುದೇ ಎಂದು ಕೇಳಬೇಕು. ಜಪಾನಿಯಲ್ಲಿ ಅದಕ್ಕೆ 'ಶಿಸೊ' ಎಂದರೆ ಸಾಕು. ಹುಡುಗನೊಬ್ಬ ಬಂದು ಪೆಡಲ್ ತೆಗೆದು, ಆಂಪಿನ ಮುಂದೆ ಮಣೆ ಎಳೆದು, ಕೇಬಲ್ ಚುಚ್ಚಿ, ಎಲ್ಲ ನಾಬ್‌ಗಳನ್ನೂ ನಡುವಿಗೆ ತಿರುಗಿಸಿ ಕೊಡುತ್ತಾನೆ. ನಾವು ಬೇಸ್ ಆಂಪೇ ಬೇಕೆಂದು ಕೇಳಿ ಪಡೆದೆವು. ಗಿಟಾರ್ ಆಂಪಿನಲ್ಲಿ ಬೇಸ್ ಪೆಡಲ್ ಪರೀಕ್ಷಿಸಿದರೆ ಪ್ರಯೋಜನವಿಲ್ಲ. ಸಣ್ಣ ಸ್ಪೀಕರಿಗೆ 41 ಹರ್ಟ್ಜ್ ನುಡಿಸುವ ಶಕ್ತಿಯೇ ಇರುವುದಿಲ್ಲ. ಅದು ಕೇಳಿಸುವುದು ಮೇಲಿನ ಅನುನಾದಗಳನ್ನು ಮಾತ್ರ, ತಳವನ್ನು ಕಿವಿಯೇ ಊಹಿಸಿಕೊಳ್ಳುತ್ತದೆ.

ಇನ್ನೊಂದು ಎಚ್ಚರ ಇದಕ್ಕಿಂತ ಮುಖ್ಯ. ಪೆಡಲ್ ಒತ್ತಿದೊಡನೆ ಸದ್ದು ಒಂದಿಷ್ಟು ಜಾಸ್ತಿಯಾದರೆ ಯಾರ ಕಿವಿಗೂ ಅದು ಉತ್ತಮ ಎನಿಸುತ್ತದೆ. ಅವಳಿಗೂ ಹಾಗೇ ಆಯಿತು. ಮೊದಲ ಪೆಡಲ್ ಒತ್ತುತ್ತಲೇ ಮುಖ ಅರಳಿತು. ನಾನು ಲೆವೆಲ್ ನಾಬನ್ನು ಇಳಿಸಿ, ಹಾಕಿದಾಗಲೂ ಆರಿಸಿದಾಗಲೂ ಸದ್ದು ಒಂದೇ ಮಟ್ಟದಲ್ಲಿರುವಂತೆ ಮಾಡಿ "ಈಗ ಹೇಳು" ಎಂದೆ. ಐದಾರು ಸಲ ಒತ್ತಿ ನೋಡಿದಳು. "ಮಾಮ, ಈಗ ಆಫ್ ಇದ್ದಾಗಲೇ ಚೆನ್ನಾಗಿದೆ!" ಮಟ್ಟ ಸಮ ಮಾಡದೆ ಪೆಡಲ್ ಕೊಳ್ಳಬೇಡಿ. ಅಂಗಡಿಯಲ್ಲಿ ಹೊಸಬರು ಕೈಯಾರೆ ಮಾಡಿಕೊಳ್ಳಬಹುದಾದ ಅತಿ ದೊಡ್ಡ ಉಪಕಾರ ಇದು.

ಶ್ರುತಿಯಿಂದ ಶುರುಮಾಡಿದೆವು. ಅವಳ ಬಳಿ ಇದ್ದದ್ದು ಬೇಸಿನ ತಲೆಗೆ ಸಿಕ್ಕಿಸುವ ಕ್ಲಿಪ್ ಟ್ಯೂನರ್. ಅದು ಮರದ ಕಂಪನ ಹಿಡಿದು ಕೆಲಸ ಮಾಡುವುದರಿಂದ ಇ ತಂತಿಯಲ್ಲಿ ತಡವರಿಸುತ್ತದೆ. 12ನೇ ಫ್ರೆಟ್ಟಿನ ಮೇಲೆ ಬೆರಳು ಹಗುರಾಗಿ ತಾಗಿಸಿ ಮೀಟಿದರೆ ಒಂದು ಸ್ಥಾಯಿ ಮೇಲಿನ ನಾದ ಬರುತ್ತದೆ, ಅದನ್ನು ಬೇಗ ಗುರುತಿಸುತ್ತದೆ. ಮನೆಗೆ ಅಷ್ಟು ಸಾಕು. ವೇದಿಕೆಗೆ ಕಾಲಲ್ಲಿ ಒತ್ತುವ ಟ್ಯೂನರೇ ಬೇಕು. ಒತ್ತಿದರೆ ಸದ್ದು ನಿಲ್ಲುತ್ತದೆ, ಹಾಡುಗಳ ನಡುವೆ ಸಭೆಗೆ ಕೇಳಿಸದಂತೆ ಶ್ರುತಿ ಸೇರಿಸಿಕೊಳ್ಳಬಹುದು. ಬಾಸ್ ಕಂಪನಿಯ ಬಿಳಿ ಬಣ್ಣದ ಟಿಯು-3 ಆಗಲಿ, ಕೋರ್ಗ್‌ನ ಪಿಚ್‌ಬ್ಲ್ಯಾಕ್ ಆಗಲಿ, ಯಾವುದಾದರೂ ಸರಿ. ಇಲ್ಲಿ ಹೆಚ್ಚು ಯೋಚನೆ ಬೇಡ.

ಯೋಚನೆ ಬೇಕಾದದ್ದು ಕಂಪ್ರೆಸರ್ ವಿಷಯದಲ್ಲಿ. ಹೊಸಬರ ಕಣ್ಣು ಇದರ ಮೇಲೆ ಬೀಳುವುದೇ ಇಲ್ಲ, ಏಕೆಂದರೆ ಒತ್ತಿದರೆ ವಿಚಿತ್ರ ಸದ್ದೇನೂ ಬರುವುದಿಲ್ಲ. ಅದರ ಕೆಲಸ ಜೋರು ಸ್ವರವನ್ನು ತಗ್ಗಿಸುವುದು, ಆಮೇಲೆ ಒಟ್ಟು ಮಟ್ಟವನ್ನು ಏರಿಸಿ ಮೆಲು ಸ್ವರಕ್ಕೂ ಜಾಗ ಮಾಡಿಕೊಡುವುದು. ಹೊಸ ಬೆರಳು ಒಂದೇ ಬಲದಲ್ಲಿ ಮೀಟುವುದಿಲ್ಲ. ಒಂದು ಸ್ವರ ಗುದ್ದಿದಂತೆ, ಮುಂದಿನದು ನುಂಗಿದಂತೆ. ಎಂಎಕ್ಸ್‌ಆರ್‌ನ ಎಂ87 ಎಂಬ ಬೇಸ್ ಕಂಪ್ರೆಸರಿನಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಎಷ್ಟು ತಗ್ಗಿಸುತ್ತಿದೆ ಎಂದು ತೋರಿಸುವ ಪುಟ್ಟ ದೀಪಗಳ ಸಾಲು ಅದರಲ್ಲಿದೆ. ಅವಳು ನಾಲ್ಕು ಸ್ವರ ಮೀಟಿದಳು. ಎರಡಕ್ಕೆ ದೀಪ ಪೂರಾ ಓಡಿತು, ಎರಡಕ್ಕೆ ಅಲುಗಲೇ ಇಲ್ಲ.

ಅದರ ಐದು ನಾಬ್‌ಗಳನ್ನು ಒಂದೊಂದಾಗಿ ತಿರುಗಿಸಿದೆವು. ರೇಶಿಯೊ 4:1 ಎಂದರೆ, ಮಿತಿ ದಾಟಿದ ಮೇಲೆ ಒಳಗೆ 4 ಡೆಸಿಬೆಲ್ ಏರಿದರೆ ಹೊರಗೆ 1 ಮಾತ್ರ ಏರುತ್ತದೆ. ಬೇಸಿಗೆ ಶುರುವಿಗೆ ಅಷ್ಟು ಸಾಕು. 20:1ಕ್ಕೆ ಹೋದರೆ ಕೈಯ ಏರಿಳಿತವೆಲ್ಲ ಸತ್ತು ಚಪ್ಪಟೆಯಾಗುತ್ತದೆ. ನಾನು ಹೆಚ್ಚು ಹೊತ್ತು ಕೂತದ್ದು ಅಟ್ಯಾಕ್ ನಾಬಿನ ಮೇಲೆ. ಮೀಟಿದ ಎಷ್ಟು ಹೊತ್ತಿಗೆ ಕಂಪ್ರೆಸರ್ ಮೈಮೇಲೆ ಬರಬೇಕೆಂದು ಹೇಳುವ ನಾಬ್ ಅದು. ತೀರ ಬೇಗ ಬಂದರೆ ಬೆರಳು ತಂತಿಗೆ ತಾಗಿದ ಆ ಮೊದಲ ಪೆಟ್ಟೇ ಮಾಯವಾಗುತ್ತದೆ. ಆ ಪೆಟ್ಟು ಹೋದರೆ ಡ್ರಮ್ಮಿನ ಜೊತೆ ತಾಳ ಹಿಡಿದದ್ದು ಯಾರಿಗೂ ತಿಳಿಯುವುದಿಲ್ಲ. ತುಸು ನಿಧಾನಕ್ಕೆ ಇಟ್ಟಾಗ ಪೆಟ್ಟು ದಾಟಿಹೋಗಿ, ಹಿಂದಿನ ಬಾಲ ಮಾತ್ರ ಹಿಡಿತಕ್ಕೆ ಬಂತು. ಅವಳು ಸುಮ್ಮನೆ ನನ್ನತ್ತ ನೋಡಿದಳು, ಕೇಳಿಸಿತ್ತು. ಮನೆಯಲ್ಲಿ ಅಭ್ಯಾಸಕ್ಕೆ ಕೂತಾಗ ಇದನ್ನು ಆರಿಸಿಯೇ ಇಡಬೇಕೆಂದು ಅವಳಿಗೆ ಹೇಳಿದೆ. ಬೆರಳಿನ ಸಮತೂಕ ಬೆರಳಿಗೇ ಬರಬೇಕು, ಪೆಡಲ್ ವೇದಿಕೆಗೆ ಇರಲಿ.

ಇಳಿಜಾರಿನಲ್ಲಿ ಇನ್ನಷ್ಟು ಕೆಳಗೆ, ಎರಡನೆಯ ಅಂಗಡಿಯ ಮೇಲಿನ ಮಹಡಿ ಪೂರ್ತಿ ಬೇಸಿಗೆ ಮೀಸಲು. ಲಿಫ್ಟಿನ ಬಾಗಿಲು ತೆರೆದರೆ ಗೋಡೆ ತುಂಬ ಜಾಝ್ ಬೇಸ್, ಪ್ರಿಸಿಷನ್ ಬೇಸ್. ಅವಳು ಕಾದಿದ್ದ ಡ್ರೈವ್ ಪೆಡಲ್‌ಗಳು ಇಲ್ಲಿದ್ದವು. ಒಡೆದ, ಗರಗರ ಸದ್ದು ಗಿಟಾರಿನ ಸೊತ್ತು ಎಂದು ಹಲವರು ತಿಳಿದಿದ್ದಾರೆ. ಆದರೆ ಫಝ್ ಎಂಬ ಸದ್ದು ಜನರ ಕಿವಿಗೆ ಬಿದ್ದ ಮೊದಲ ಹಾಡುಗಳಲ್ಲಿ ಒಂದು ಬೇಸಿನದೇ. ಮಾರ್ಟಿ ರಾಬಿನ್ಸ್ 1961ರಲ್ಲಿ ಹೊರತಂದ 'ಡೋಂಟ್ ವರಿ' ಹಾಡಿಗೆ ನ್ಯಾಶ್‌ವಿಲ್ ಸ್ಟುಡಿಯೊದಲ್ಲಿ ಗ್ರೇಡಿ ಮಾರ್ಟಿನ್ ಆರು ತಂತಿಯ ಬೇಸ್ ನುಡಿಸುತ್ತಿದ್ದಾಗ ಮಿಕ್ಸರಿನ ಒಂದು ಚಾನೆಲ್ ಕೆಟ್ಟು ಸದ್ದು ಹರಿದುಹೋಯಿತು. ಅದನ್ನು ಹಾಗೇ ಉಳಿಸಿಕೊಂಡರು. ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಕೆಟ್ಟ ಸದ್ದನ್ನೇ ಬೇಕೆಂದು ಬರಿಸುವ ಸರ್ಕ್ಯೂಟ್ ಕಟ್ಟಿದರು. 1962ರಲ್ಲಿ ಅದು ಮೈಸ್ಟ್ರೊ ಫಝ್-ಟೋನ್ ಆಗಿ ಮಾರುಕಟ್ಟೆಗೆ ಬಂತು. 1965ರಲ್ಲಿ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ 'ಥಿಂಕ್ ಫಾರ್ ಯುವರ್‌ಸೆಲ್ಫ್' ಹಾಡಿನಲ್ಲಿ ಫಝ್ ಬೇಸ್ ನುಡಿಸಿದರು. ಆ ಹಾಡಿನಲ್ಲಿ ಇನ್ನೊಂದು ಮಾತು ಗಮನಿಸಬೇಕು: ಮಾಮೂಲಿ ಬೇಸ್ ಬೇರೆಯೇ ಇದೆ, ಫಝ್ ಬೇಸ್ ಅದರ ಮೇಲೆ ಕೂತಿದೆ.

ಬೇಸ್ ಡ್ರೈವ್ ಕೊಳ್ಳುವವರು ಹಿಡಿಯಬೇಕಾದ ಸೂತ್ರ ಅಲ್ಲೇ ಇದೆ. ಶುದ್ಧ ನಾದವನ್ನೂ ಒಡೆದ ನಾದವನ್ನೂ ಬೆರೆಸುವ ನಾಬ್ ಇರಬೇಕು. ಕೆಲವರು ಅದಕ್ಕೆ ಬ್ಲೆಂಡ್ ಎನ್ನುತ್ತಾರೆ, ಬಾಸ್ ಕಂಪನಿಯ ಹಳದಿ ಓಡಿಬಿ-3ರಲ್ಲಿ ಬ್ಯಾಲೆನ್ಸ್ ಎಂದಿದೆ. ಎಲೆಕ್ಟ್ರೊ-ಹಾರ್ಮೋನಿಕ್ಸ್‌ನ ಬೇಸ್ ಬಿಗ್ ಮಫ್‌ನಲ್ಲಿ ಶುದ್ಧ ನಾದ ಸೇರಿಸಲು ಒಂದು ಸ್ವಿಚ್ ಇದೆ. ಫಿನ್‌ಲೆಂಡಿನ ಡಾರ್ಕ್‌ಗ್ಲಾಸ್‌ನವರು ತಮ್ಮ ಹೆಸರು ಕಟ್ಟಿಕೊಂಡದ್ದೇ ಬ್ಲೆಂಡ್ ಇರುವ ಬೇಸ್ ಡ್ರೈವ್‌ಗಳಿಂದ. ಅನ್ನದ ಮೇಲೆ ಒಗ್ಗರಣೆ ಬಿದ್ದರೆ ಚಿತ್ರಾನ್ನ, ಬರೀ ಒಗ್ಗರಣೆ ಬಡಿಸಿದರೆ ಊಟವಲ್ಲ. ಶುದ್ಧ ನಾದ ಅನ್ನದ ಜಾಗದಲ್ಲಿರಬೇಕು. ಓಡಿಬಿ-3ರಲ್ಲಿ ಬ್ಯಾಲೆನ್ಸ್ ಪೂರ್ತಿ ತಿರುಗಿಸಿದಾಗ ಕಣಜ ತುಂಬಿದ ಡಬ್ಬದಂತೆ ಝೇಂಕರಿಸಿತು, ಅವಳು ಕಿವಿ ಮುಚ್ಚಿದಳು. ಅರ್ಧಕ್ಕಿಂತ ಕೆಳಗಿಳಿಸಿ, ಗೇನ್ ತಗ್ಗಿಸಿ, ಇ ತಂತಿ ಮೀಟಿದಾಗ ತಳ ಗಟ್ಟಿಯಾಗಿ ನಿಂತು ಮೇಲೆ ಮಾತ್ರ ಒಂದು ಕೆರಕಲು ಅಂಚು ಬಂತು. "ಇದು ನಮ್ಮ ಎರಡನೇ ಹಾಡಿಗೆ ಸರಿ ಹೊಂದುತ್ತೆ" ಎಂದಳು. ಪೆಡಲ್ ಯಾವುದೋ ಹಾಡಿನ ಹೆಸರನ್ನು ತಾನೇ ನೆನಪಿಸಿತೆಂದರೆ ಒಳ್ಳೆಯ ಸೂಚನೆ. ಯಾವ ಹಾಡೂ ನೆನಪಾಗದಿದ್ದರೆ ಅದು ಕೊನೆಗೆ ಮನೆಯ ಡ್ರಾಯರಿಗೇ.

ಬಳಸಿದ ಪೆಡಲ್‌ಗಳ ಕಪಾಟಿನ ಮುಂದೆ ನನ್ನ ಹೊತ್ತು ಹೋದದ್ದು ಗೊತ್ತಾಗಲಿಲ್ಲ. ಜಪಾನಿನ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಒಂದು ಪ್ರಾಮಾಣಿಕತೆ ಇದೆ: ಗೀರು ಎಲ್ಲಿದೆ, ಡಬ್ಬ ಇದೆಯೇ, ನಾಬ್ ಸವೆದಿದೆಯೇ, ಎಲ್ಲವೂ ಚೀಟಿಯ ಮೇಲೆ. ಅಲ್ಲಿ ಬಾಸ್ ಕಂಪನಿಯ ಕಂದು ಬಣ್ಣದ ಓಸಿ-2 ಇತ್ತು. ರೋಲ್ಯಾಂಡ್ ಕಂಪನಿಯನ್ನು ಇಕುತಾರೊ ಕಾಕೆಹಾಶಿ 1972ರಲ್ಲಿ ಒಸಾಕಾದಲ್ಲಿ ಕಟ್ಟಿದರು. ಅದರ ಬಾಸ್ ಹೆಸರಿನ ಪುಟ್ಟ ಪೆಡಲ್‌ಗಳು 1977ರಲ್ಲಿ ಶುರುವಾದವು, ಆಕಾರ ಇವತ್ತಿಗೂ ಅದೇ. ಓಸಿ-2 ಬಂದದ್ದು 1982ರಲ್ಲಿ. ನುಡಿಸಿದ ಸ್ವರಕ್ಕೆ ಒಂದು ಸ್ಥಾಯಿ ಕೆಳಗಿನದನ್ನೂ ಎರಡು ಸ್ಥಾಯಿ ಕೆಳಗಿನದನ್ನೂ ಸೇರಿಸುತ್ತದೆ. ಪಿನೊ ಪಲ್ಲಾಡಿನೊ ಎಂಬ ವೇಲ್ಸ್‌ನ ಬೇಸಿಸ್ಟ್ ಪಾಲ್ ಯಂಗ್ ಹಾಡುಗಳಲ್ಲಿ ತಮ್ಮ ಫ್ರೆಟ್ ಇಲ್ಲದ ಬೇಸಿಗೆ ಇದನ್ನು ಸೇರಿಸಿ ಒಂದು ಕಾಲದ ಸದ್ದನ್ನೇ ರೂಪಿಸಿದರು.

"ಮಂದ್ರಕ್ಕಿಂತ ಮಂದ್ರ! ಇದೇ ಬೇಕು ಮಾಮ" ಎಂದು ಅವಳು ಖಾಲಿ ಇ ತಂತಿ ಮೀಟಿದಳು. ಪೆಡಲ್ ಗೊಳಗೊಳ ಎಂದು ತೊದಲಿತು. ತಪ್ಪು ಅದರದಲ್ಲ. ಇ ತಂತಿಯ ಒಂದು ಸ್ಥಾಯಿ ಕೆಳಗೆಂದರೆ 20.6 ಹರ್ಟ್ಜ್, ಮನುಷ್ಯನ ಕಿವಿ ಕೇಳುವ ಗಡಿ. ಅಷ್ಟು ಕೆಳಗಿನ ಸ್ವರವನ್ನು ಹಿಂಬಾಲಿಸುವುದು ಆ ಹಳೆಯ ಸರ್ಕ್ಯೂಟಿಗೆ ಕಷ್ಟ. ಎರಡು ಸ್ವರ ಒಟ್ಟಿಗೆ ಮೀಟಿದರಂತೂ ದಿಕ್ಕೇ ತಪ್ಪುತ್ತದೆ. ಡಿ ಮತ್ತು ಜಿ ತಂತಿಗಳಲ್ಲಿ, ಐದನೇ ಫ್ರೆಟ್ಟಿನಿಂದ ಮೇಲೆ, ಒಂದೊಂದೇ ಸ್ವರ ನುಡಿಸು ಎಂದೆ. ಆಗ ಬಂತು ನಾದ: ದಪ್ಪಗೆ, ದುಂಡಗೆ, ಸಿಂಥಸೈಸರಿನ ಹಾಗೆ. ಓಸಿ-2 ಈಗ ತಯಾರಾಗುವುದಿಲ್ಲ. 2020ರಲ್ಲಿ ಬಂದ ಓಸಿ-5 ಆ ಹಳೆಯ ಸದ್ದನ್ನೂ ತನ್ನೊಳಗೆ ಇಟ್ಟುಕೊಂಡಿದೆ. ನನಗೆ ಬಲು ಪ್ರೀತಿಯ ಪೆಡಲ್ ಇದು. ಆದರೂ ಮೊದಲ ವರ್ಷಕ್ಕೆ ಬೇಡ ಎಂದೆ. ಫ್ರೆಟ್ ಹಲಗೆಯ ಮೇಲ್ಭಾಗದಲ್ಲಿ ಕೈ ಓಡುವ ತನಕ ಅದರ ಸುಖ ಸಿಗುವುದಿಲ್ಲ.

ಕೋರಸ್, ಎನ್ವೆಲಪ್ ಫಿಲ್ಟರ್‌ಗಳನ್ನು ಬೇಗ ದಾಟಿದೆವು. ಕೋರಸ್ ಎಂದರೆ ಸದ್ದನ್ನು ಅಲೆಯಂತೆ ಅಲುಗಿಸುವ ಪೆಡಲ್. ಕೊಳ್ಳುವುದಾದರೆ ಕೆಳಗಿನ ನಾದವನ್ನು ಅಲುಗಿಸದೆ ಬಿಡುವ ಏರ್ಪಾಟು ಇರಲಿ. ಬಾಸ್‌ನ ಸಿಇಬಿ-3ರಲ್ಲಿ ಅದಕ್ಕೆಂದೇ ಲೋ ಫಿಲ್ಟರ್ ನಾಬ್ ಇದೆ. ಫಿಲ್ಟರ್ ಎಂದರೆ ಬೂಟ್ಸಿ ಕಾಲಿನ್ಸ್‌ರ ಬೇಸಿನಿಂದ ಬರುವ ಆ 'ವಾವ್' ಸದ್ದು. ಅದು ಬೆರಳಿನ ಬಲ ನೋಡಿ ಬಾಯಿ ತೆರೆಯುತ್ತದೆ, ಹಾಗಾಗಿ ಕಂಪ್ರೆಸರಿನ ಹಿಂದೆ ಇಟ್ಟರೆ ಬಲದ ವ್ಯತ್ಯಾಸವೇ ತಲುಪದೆ ಸಪ್ಪೆಯಾಗುತ್ತದೆ. ಮೊದಲು ಫಿಲ್ಟರ್, ಆಮೇಲೆ ಕಂಪ್ರೆಸರ್.

ಇಷ್ಟೆಲ್ಲ ಕೇಳಿದ ಮೇಲೆ ಅವಳು ನ್ಯಾಯವಾದ ಪ್ರಶ್ನೆಯನ್ನೇ ಕೇಳಿದಳು: ಎಲ್ಲವೂ ಇರುವ ಒಂದೇ ಡಬ್ಬ ಸಿಗುವುದಿಲ್ಲವೇ? ಸಿಗುತ್ತದೆ. ಅದನ್ನು ಮಾಡುವ ಜೂಮ್ ಕಂಪನಿಯ ಕಚೇರಿ ಇರುವುದೂ ನಾವು ಇಳಿಯುತ್ತಿದ್ದ ಇದೇ ಗುಡ್ಡದ ಮೇಲೆ, ಇದರ ಹೆಸರು ಸುರುಗದಾಯ್. ಅವರ ಬಿ1 ಫೋರ್ ಎಂಬ ಪುಟ್ಟ ಮಲ್ಟಿ ಎಫೆಕ್ಟ್ಸ್ ಬೇಸಿಗೆಂದೇ ಮಾಡಿದ್ದು. ಟ್ಯೂನರ್, ಕಂಪ್ರೆಸರ್, ಡ್ರೈವ್, ಆಕ್ಟೇವ್, ಜೊತೆಗೆ ಅಭ್ಯಾಸಕ್ಕೆ ತಾಳದ ಪಟ್ಟಿಗಳು, ಹೆಡ್‌ಫೋನ್ ತೂತು. ಗೋಡೆ ತೆಳುವಾದ ಟೋಕಿಯೊ ಫ್ಲ್ಯಾಟಿಗೆ ಹೆಡ್‌ಫೋನ್ ತೂತೇ ದೊಡ್ಡ ವರ. ಬಿಡಿ ಪೆಡಲಿನ ಭಕ್ತರು ಇಂಥದ್ದನ್ನು ಕಡೆಗಣಿಸುತ್ತಾರೆ, ನಾನು ಒಪ್ಪುವುದಿಲ್ಲ. ಯಾವ ಎಫೆಕ್ಟ್ ತನಗೆ ಬೇಕೆಂದೇ ತಿಳಿಯದವರಿಗೆ ಕೈ ಸುಟ್ಟುಕೊಳ್ಳದೆ ಕಲಿಯುವ ದಾರಿ ಅದು. ಪರದೆ ನೋಡುತ್ತ ನೂರು ಸದ್ದು ಬದಲಿಸುತ್ತ ಕೂರುವ ಚಟಕ್ಕೆ ಬೀಳದಿದ್ದರೆ ಸಾಕು. ಕಂಪ್ರೆಸರ್ ಒಂದನ್ನೇ ಒಂದು ವಾರ, ಡ್ರೈವ್ ಒಂದನ್ನೇ ಇನ್ನೊಂದು ವಾರ ಎಂದು ನಿಯಮ ಹಾಕಿಕೊಳ್ಳಬೇಕು.

ಬೆಂಗಳೂರಿನ ಕಾಲೇಜು ಹಬ್ಬಗಳಲ್ಲಿ, ಸಣ್ಣ ಸಭಾಂಗಣಗಳಲ್ಲಿ ನುಡಿಸುವವರಿಗೆ ನಾನು ಹೇಳುವುದು ಬೇರೆ. ಅಲ್ಲಿ ಎಷ್ಟೋ ಸಲ ಬೇಸ್ ಆಂಪೇ ಇರುವುದಿಲ್ಲ, ಕೇಬಲನ್ನು ನೇರ ಮಿಕ್ಸರಿಗೆ ಚುಚ್ಚುತ್ತಾರೆ, ಬೇಸ್ ಒಣಗಿದ ತಗಡಿನಂತೆ ಕೇಳುತ್ತದೆ. ಅಂಥವರಿಗೆ ಮೊದಲು ಬೇಕಾದದ್ದು ಮಿಕ್ಸರಿಗೆ ನೇರ ಸಿಗ್ನಲ್ ಕಳಿಸುವ ಡಿಐ ಇರುವ ಪ್ರೀಆಂಪ್ ಪೆಡಲ್. ಟೆಕ್ 21ರ ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್ ಈ ಬಗೆಯ ಹಿರಿಯ. ಆಂಪಿನ ಬಣ್ಣವನ್ನೂ ಕೊಡುತ್ತದೆ, ಮೈಕಿನ ಕೇಬಲ್ ಚುಚ್ಚುವ ತೂತಿನಿಂದ ಮಿಕ್ಸರಿಗೆ ಸರಿಯಾದ ಸಿಗ್ನಲನ್ನೂ ಕಳಿಸುತ್ತದೆ. ಅದರಲ್ಲೂ ಬ್ಲೆಂಡ್ ನಾಬ್ ಇದೆ. ಅಕ್ಕನ ಮಗಳ ಬ್ಯಾಂಡ್ ತಾಲೀಮು ನಡೆಸುವ ಸ್ಟುಡಿಯೊದಲ್ಲಿ ಒಳ್ಳೆಯ ಬೇಸ್ ಆಂಪ್ ಇರುವುದರಿಂದ ಅವಳಿಗೆ ಸದ್ಯಕ್ಕೆ ಅಗತ್ಯವಿಲ್ಲ.

ಇಳಿಜಾರು ಮುಗಿದು ಸುರುಗದಾಯ್ ಬುಡದ ಕೂಡುರಸ್ತೆ ಬಂತು. ಅಲ್ಲಿಂದ ಮುಂದೆ ಜಿಂಬೊಚೊ, ಹಳೆಯ ಪುಸ್ತಕದಂಗಡಿಗಳ ಪೇಟೆ. ಕರಿ ಊಟಕ್ಕೂ ಹೆಸರಾದದ್ದು. ಅನ್ನ, ಕರಿ ಮುಂದಿಟ್ಟುಕೊಂಡು ಲೆಕ್ಕ ಹಾಕಿದಳು. ತೆಗೆದಿಟ್ಟ ಹಣ ಮೂವತ್ತು ಸಾವಿರ ಯೆನ್. ಬಳಸಿದ ಎಂ87 ಒಂದು, ಅದಕ್ಕೆ ಅಡಾಪ್ಟರ್, ಒಂದು ಗಟ್ಟಿ ಕೇಬಲ್. ಹಳದಿ ಡ್ರೈವ್ ಮುಂದಿನ ಸಂಬಳಕ್ಕೆ. ನಾವು ಮತ್ತೆ ಗುಡ್ಡ ಹತ್ತಿದೆವು.

ಅಡಾಪ್ಟರಿನ ಮಾತು ಹೇಳದೆ ಬಿಡುವಂತಿಲ್ಲ. ಬಹುಪಾಲು ಪೆಡಲ್‌ಗಳಿಗೆ 9 ವೋಲ್ಟ್ ಡಿಸಿ, ಪಿನ್ನಿನ ನಡುಭಾಗ ಮೈನಸ್. ಪೆಡಲಿನ ಬೆನ್ನಿಗೆ ಆ ಚಿತ್ರವೇ ಇರುತ್ತದೆ, ನೋಡಿಯೇ ಚುಚ್ಚಬೇಕು. ಒಂದೇ ಅಡಾಪ್ಟರಿನಿಂದ ನಾಲ್ಕು ಪೆಡಲ್ ನಡೆಸುವುದಾದರೆ ಪ್ರತಿಯೊಂದರ ಮಿಲಿಆಂಪ್ ಕೂಡಿ, ಅಡಾಪ್ಟರಿನ ಸಾಮರ್ಥ್ಯ ಅದಕ್ಕಿಂತ ಮೇಲಿರುವಂತೆ ನೋಡಿಕೊಳ್ಳಬೇಕು. ಹಳೆಯ ಬಾಸ್ ಪೆಡಲಿನ ಮೇಲೆ ಎಸಿಎ ಎಂಬ ಅಕ್ಷರಗಳಿದ್ದರೆ ಅದು ಕೇಳುವುದು 12 ವೋಲ್ಟಿನ ಹಳೆಯ ಬಗೆಯ ಅಡಾಪ್ಟರ್. ಈಗಿನ 9 ವೋಲ್ಟ್ ಹಾಕಿದರೆ ದೀಪ ಮಂಕಾಗುತ್ತದೆ, ಕೆಲವೊಮ್ಮೆ ಸದ್ದೂ ಸೊರಗುತ್ತದೆ. ಇಲ್ಲಿಂದ ಊರಿಗೆ ಪೆಡಲ್ ಒಯ್ಯುವವರು ಇನ್ನೊಂದನ್ನು ನೆನಪಿಡಬೇಕು. ಜಪಾನಿನ ಮನೆಗಳ ವಿದ್ಯುತ್ತು 100 ವೋಲ್ಟ್, ನಮ್ಮದು 230. ಬಾಸ್ ಕಂಪನಿಯ ಅಡಾಪ್ಟರುಗಳೇ ದೇಶಕ್ಕೊಂದರಂತೆ ಬೇರೆ. ಇಲ್ಲಿ ಮಾರುವ 100 ವೋಲ್ಟಿನದನ್ನು ಬೆಂಗಳೂರಿನ ಸಾಕೆಟ್ಟಿಗೆ ಹಾಕಿದರೆ ಸುಟ್ಟುಹೋಗಬಹುದು. ಪೆಡಲನ್ನು ಇಲ್ಲಿ ಕೊಂಡು, ಅಡಾಪ್ಟರನ್ನು ಊರಲ್ಲೇ ಕೊಳ್ಳಿ.